ಸರ್ಕಾರದ ಮಾತು, ಜನರ ಕಿವಿ



ಬೆಳಗಿನ ಕಾಫಿಯೊಡನೆ ವೃತ್ತಪತ್ರಿಕೆಯನ್ನು ಬಿಡಿಸಿದಾಗ ಒಂದು ಮೂಲೆಯಲ್ಲಿ ‘ಸರ್ಕಾರದ ಪ್ರಕಟಣೆ’ ಎಂಬ ತಲೆಬರಹ ಕಣ್ಣಿಗೆ ಬಿದ್ದರೆ ನಮ್ಮಲ್ಲಿ ಬಹುಮಂದಿ ಅದನ್ನು ಓದದೆಯೇ ಪುಟವನ್ನು ತಿರುವಿಬಿಡುತ್ತೇವೆ. ಅದರಲ್ಲಿ ಹೊಸದೇನು ಇದ್ದೀತು ಎಂಬ ತಾತ್ಸಾರ ಒಂದು ಕಡೆ. ಅನ್ನದಲ್ಲಿ ಕಲ್ಲು ಸಿಕ್ಕಿದಂತೆ ಅದರ ಭಾಷೆ ಹೆಜ್ಜೆಹೆಜ್ಜೆಗೂ ತಡೆಯುವುದೆಂಬ ಅನುಭವ ಇನ್ನೊಂದು ಕಡೆ. ಆದರೆ ಹೊಳೆಯ ನೀರು ಏರುತ್ತಿರುವಾಗ, ಪಕ್ಕದ ಬೀದಿಯಲ್ಲಿ ಸಾಂಕ್ರಾಮಿಕ ರೋಗ ಕಾಣಿಸಿಕೊಂಡಾಗ, ಇಲ್ಲವೆ ಕೈಯಲ್ಲಿರುವ ನಾಣ್ಯದ ಲೆಕ್ಕ ನಾಳೆಯಿಂದ ಬೇರೆಯಾಗುವುದೆಂದು ತಿಳಿದಾಗ, ಅದೇ ಪ್ರಕಟಣೆಯನ್ನು ನಾವು ಹುಡುಕಿಕೊಂಡು ಹೋಗಿ ಓದುತ್ತೇವೆ. ಆ ದಿನ ಅದನ್ನು ನಂಬುವೆವೋ ಬಿಡುವೆವೋ ಎಂಬುದು ಆ ದಿನದ ಬರವಣಿಗೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಅದಕ್ಕೆ ಹಿಂದಿನ ಹತ್ತಾರು ವರ್ಷಗಳಲ್ಲಿ ಅದೇ ಕಚೇರಿಯಿಂದ ಹೊರಟ ಮಾತು ಎಷ್ಟರಮಟ್ಟಿಗೆ ನಿಜವಾಗಿತ್ತು ಎಂಬುದರಿಂದ ನಿರ್ಧಾರವಾಗುತ್ತದೆ. ಆ ಕಚೇರಿಯೊಳಗೆ, ಹೊರಗಿನವರಿಗೆ ಹೆಸರೂ ತಿಳಿಯದಂತೆ ಕುಳಿತು ಕೆಲಸಮಾಡುವ ಒಬ್ಬ ಅಧಿಕಾರಿಯ ವಿಚಾರವಾಗಿ ಇಂದು ನಾಲ್ಕು ಮಾತನ್ನು ಹೇಳಬೇಕೆಂದಿದ್ದೇನೆ.

ವಾರ್ತಾ ಕಚೇರಿಯಲ್ಲಿ ಪತ್ರಕರ್ತರ ಪ್ರಶ್ನೆಗಳಿಗೆ ಉತ್ತರ ಕೊಡುವವರನ್ನು ನಾವು ಬಲ್ಲೆವು. ಪ್ರಕಟಣೆಗಳನ್ನು ಬರೆದು, ತಿದ್ದಿ, ಭಾಷಾಂತರಿಸಿ ಕಳುಹಿಸುವವರು ಇರುವರೆಂದು ಊಹಿಸಲೂ ಬಲ್ಲೆವು. ಇವರಿಬ್ಬರಿಗಿಂತಲೂ ಮೊದಲೇ ಕೆಲಸವನ್ನು ಆರಂಭಿಸುವವರು ಮತ್ತೊಬ್ಬರುಂಟು. ಸರ್ಕಾರವು ಒಂದು ಹೊಸ ಏರ್ಪಾಡನ್ನು ಜಾರಿಗೆ ತರುವ ಮುನ್ನ, ಅದನ್ನು ಜನರಿಗೆ ತಿಳಿಸುವ ಬಗೆ ಹೇಗೆ ಎಂದು ಆಲೋಚಿಸಿ, ಒಂದು ಕ್ರಮವನ್ನು ಹಾಕಿಕೊಡುವುದು ಅವರ ಕೆಲಸ. ಅವರನ್ನು ಯೋಜಕರೆಂದು ಕರೆಯೋಣ. ಅವರು ಮೊದಲು ಐದು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಾರೆ. ಹೇಳಬೇಕಾದುದು ಏನು? ಯಾರಿಗೆ? ಯಾವಾಗ? ಯಾರ ಬಾಯಿಂದ? ಕೇಳಿದವರು ಅನಂತರ ಮಾಡಬೇಕಾದುದು ಏನು? ಈ ಐದಕ್ಕೂ ಉತ್ತರ ದೊರೆತ ಮೇಲೆ ಆರನೆಯದೊಂದು ಪ್ರಶ್ನೆ ಉಳಿಯುತ್ತದೆ. ಬಹುಪಾಲು ಕಚೇರಿಗಳು ಮರೆಯುವುದು ಅದನ್ನೇ. ಕೇಳಿದವರು ಮರಳಿ ಏನೆಂದರು?

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಊರಿನಲ್ಲಿ ವಾಂತಿಭೇದಿ ಹರಡುತ್ತಿದೆ. ‘ಬಾವಿಯ ನೀರನ್ನು ಕಾಯಿಸದೆ ಸೇವಿಸತಕ್ಕದ್ದಲ್ಲ’ ಎಂದು ಆರೋಗ್ಯ ಶಾಖೆಯವರು ಒಂದು ಆಜ್ಞೆಯನ್ನು ಬರೆದು ವಾರ್ತಾ ಕಚೇರಿಗೆ ಕಳುಹಿಸುತ್ತಾರೆ. ಅದನ್ನು ಅಚ್ಚುಹಾಕಿಸಿ ಗೋಡೆಗೆ ಅಂಟಿಸಿದರೆ ಕರ್ತವ್ಯ ಮುಗಿಯಿತೆಂದು ತಿಳಿಯುವವರು ಉಂಟು. ಯೋಜಕರಾದರೋ ಮೊದಲು ಆ ಮಾತನ್ನು ‘ನೀರು ಮರಳಿದ ಮೇಲೆ ಕುಡಿಯಿರಿ’ ಎಂದು ಸುಲಭಗೊಳಿಸುತ್ತಾರೆ. ನೀರು ಸೇದಿ ತರುವವರು ಹೆಂಗಸರಾದುದರಿಂದ ಅವರು ಬಾವಿಕಟ್ಟೆಗೆ ಬರುವ ಹೊತ್ತಿಗೆ, ಅವರು ನಂಬುವ ಸೂಲಗಿತ್ತಿಯಿಂದಲೋ ದಾದಿಯಿಂದಲೋ ಅದನ್ನು ಹೇಳಿಸುತ್ತಾರೆ. ಇಷ್ಟಾದ ಮೇಲೂ ಒಬ್ಬಾಕೆ, “ಕಾಯಿಸುವುದೇನೋ ಸರಿ, ಮೂರು ಹೊತ್ತೂ ಕಾಯಿಸಲು ಸೌದೆ ಎಲ್ಲಿದೆಯಮ್ಮ?” ಎಂದು ಕೇಳಬಹುದು. ಈ ಪ್ರಶ್ನೆಗೆ ಇನ್ನಷ್ಟು ಅಂದವಾದ ಭಿತ್ತಿಪತ್ರವು ಉತ್ತರವಾಗಲಾರದು. ಯೋಜಕರು ಅದನ್ನು ಹೊತ್ತುಕೊಂಡು ಆರೋಗ್ಯಾಧಿಕಾರಿಗಳ ಬಳಿಗೆ ಹಿಂದಿರುಗಿ, “ಸ್ವಾಮಿ, ನಮ್ಮ ಜನ ಅವಿಧೇಯರಲ್ಲ, ಅವರಲ್ಲಿ ಸೌದೆಯಿಲ್ಲ; ಬಾವಿಗೇ ಔಷಧಿ ಹಾಕಿಸುವ ಏರ್ಪಾಡು ಆಗಬೇಕು” ಎಂದು ಹೇಳಬೇಕು. ಸರ್ಕಾರದ ಮಾತನ್ನು ಜನರಿಗೆ ಮುಟ್ಟಿಸುವುದು ಈ ಕೆಲಸದ ಅರ್ಧ ಭಾಗ; ಜನರ ಮಾತನ್ನು ಸರ್ಕಾರಕ್ಕೆ ಮುಟ್ಟಿಸುವುದು ಇನ್ನರ್ಧ. ಎರಡನೆಯದು ಇಲ್ಲದೆ ಹೋದರೆ ಮೊದಲನೆಯದೂ ಕೆಡುವುದೆಂಬುದೇ ನಾನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿರುವ ಅಭಿಪ್ರಾಯ.

ನಮ್ಮ ದೇಶದಲ್ಲಿ ಈ ಬಗೆಯ ಕಚೇರಿ ಹುಟ್ಟಿದ ರೀತಿಯೇ ಬೋಧಪ್ರದವಾಗಿದೆ. ಇಂದು ಭಾರತ ಸರ್ಕಾರದ ಪ್ರೆಸ್ ಇನ್‌ಫರ್ಮೇಷನ್ ಬ್ಯೂರೋ ಎಂದು ಹೆಸರಾಗಿರುವ ಸಂಸ್ಥೆಯ ಮೂಲವು ೧೯೧೯ರಲ್ಲಿ ಸಿಮ್ಲಾದಲ್ಲಿ ಏರ್ಪಟ್ಟ ಒಂದು ಸಣ್ಣ ಶಾಖೆ. ಅದರ ಮುಖ್ಯ ಕೆಲಸ, ಭಾರತದ ಸ್ಥಿತಿಗತಿಗಳನ್ನು ಕುರಿತು ಬ್ರಿಟಿಷ್ ಪಾರ್ಲಿಮೆಂಟಿಗೆ ಒಪ್ಪಿಸಬೇಕಾದ ವರದಿಯನ್ನು ಸಿದ್ಧಪಡಿಸುವುದು. ಎಂದರೆ, ಭಾರತವನ್ನು ಕುರಿತ ಮಾತು ಮೊದಲು ಹೊರಟದ್ದು ಭಾರತೀಯರ ಕಡೆಗಲ್ಲ, ಲಂಡನ್ನಿನ ಕಡೆಗೆ. ಆ ಕಚೇರಿಯ ಮುಖ್ಯಸ್ಥಾನಕ್ಕೆ ಭಾರತೀಯರೊಬ್ಬರು, ಜೆ. ನಟರಾಜನ್ ಅವರು, ಬಂದದ್ದು ೧೯೪೧ರಲ್ಲಿ. ಇಂದಿನ ಹೆಸರು ಬಂದದ್ದು ೧೯೪೬ರಲ್ಲಿ. ಮಾತಿನ ಮುಖವನ್ನು ನಮ್ಮ ಕಡೆಗೆ ತಿರುಗಿಸಲು ಇಷ್ಟು ಕಾಲ ಹಿಡಿಯಿತು. ಮುಖ ತಿರುಗಿದ ಮಾತ್ರಕ್ಕೆ ಕಿವಿ ತೆರೆಯಿತೆಂದು ಭಾವಿಸಲಾಗದು. ಸ್ವಂತ ಜನರೊಡನೆ ಸ್ವಂತ ಭಾಷೆಯಲ್ಲಿಯೇ ಮಾತನಾಡುವ ಸರ್ಕಾರವೂ ಹೇಗೆ ಎಡವಬಹುದೆಂಬುದಕ್ಕೆ ಲಂಡನ್ನಿನದೇ ಒಂದು ಕಥೆ ಸಾಕ್ಷಿಯಾಗಿದೆ.

೧೯೩೯ನೆಯ ಸೆಪ್ಟೆಂಬರ್ ೩ರಂದು ಬ್ರಿಟನ್ನು ಯುದ್ಧವನ್ನು ಸಾರಿತು. ಮಾರನೆಯ ದಿನವೇ ವಾರ್ತಾ ಸಚಿವಾಲಯವೊಂದು ಅಸ್ತಿತ್ವಕ್ಕೆ ಬಂದು, ಲಂಡನ್ ವಿಶ್ವವಿದ್ಯಾನಿಲಯದ ಸೆನೆಟ್ ಹೌಸ್ ಎಂಬ ದೊಡ್ಡ ಕಟ್ಟಡದಲ್ಲಿ ನೆಲಸಿತು. ಅಲ್ಲಿ ವಿದ್ವಾಂಸರಿಗೆ ಕೊರತೆಯಿರಲಿಲ್ಲ. ಆದರೂ ಎರಡನೆಯ ವಾರದಲ್ಲಿಯೇ ನಗೆಪಾಟಲಿನ ಪ್ರಸಂಗವೊಂದು ನಡೆಯಿತು. ಬ್ರಿಟಿಷ್ ಸೈನ್ಯವು ಫ್ರಾನ್ಸನ್ನು ಸೇರಿತೆಂಬ ಸುದ್ದಿಯನ್ನು ಫ್ರೆಂಚ್ ರೇಡಿಯೋ ಆಗಲೇ ಬಿತ್ತರಿಸಿದ್ದಿತು. ಸೆಪ್ಟೆಂಬರ್ ೧೧ರ ಸಂಜೆ ಆ ಸುದ್ದಿಯನ್ನು ಅಚ್ಚುಮಾಡಬಹುದೆಂದು ಪತ್ರಿಕೆಗಳಿಗೆ ಅಪ್ಪಣೆ ದೊರೆಯಿತು. ರಾತ್ರಿ ಸೈನ್ಯಶಾಖೆಯವರು ಅದನ್ನು ರದ್ದುಮಾಡಿಸಿದರು. ಪೊಲೀಸರು ಪತ್ರಿಕಾಲಯಗಳಿಗೆ ನುಗ್ಗಿ ಅಚ್ಚಾದ ಪ್ರತಿಗಳನ್ನು ತಡೆದರು. ಬೆಳಗಾಗುವುದರೊಳಗಾಗಿ ಮತ್ತೆ ಅಪ್ಪಣೆಯಾಯಿತು! ಹೊರದೇಶದ ರೇಡಿಯೋ ಹೇಳಿದ ಸುದ್ದಿಯನ್ನು ಸ್ವದೇಶದ ಪತ್ರಿಕೆ ಹೇಳಲಾಗದ ಆ ರಾತ್ರಿಯಲ್ಲಿ ಸಚಿವಾಲಯವು ಕಳೆದುಕೊಂಡದ್ದು ಕೆಲವು ಗಂಟೆಗಳನ್ನಲ್ಲ, ನಂಬಿಕೆಯನ್ನು.

ಅದೇ ಕಾಲದಲ್ಲಿ ಊರೂರಿನ ಗೋಡೆಗಳ ಮೇಲೆ ಕೆಂಪು ಭಿತ್ತಿಪತ್ರವೊಂದು ಕಾಣಿಸಿಕೊಂಡಿತು. ಮೇಲೆ ರಾಜಕಿರೀಟದ ಚಿತ್ರ. ಕೆಳಗೆ ‘ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ದೃಢಸಂಕಲ್ಪ ನಮಗೆ ಜಯವನ್ನು ತರುವುವು’ ಎಂಬರ್ಥದ ಮಾತು. ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಓದಿದವರ ಕಣ್ಣಿಗೆ ಬಿದ್ದದ್ದು ಎರಡು ಸಣ್ಣ ಪದಗಳು. ಧೈರ್ಯ ‘ನಿಮ್ಮದು’, ಜಯ ‘ನಮಗೆ’. ಹಾಗಾದರೆ ಕಷ್ಟಪಡುವವರು ಒಬ್ಬರು, ಫಲ ಉಣ್ಣುವವರು ಇನ್ನೊಬ್ಬರೆ ಎಂದು ಜನ ಕೇಳಿದರು. ಭಿತ್ತಿಪತ್ರವನ್ನು ಅಚ್ಚಿಗೆ ಕೊಡುವ ಮೊದಲು ಹತ್ತು ಮಂದಿ ಕೂಲಿಗಾರರಿಗೆ ಓದಿ ಹೇಳಿದ್ದರೆ ಈ ದೋಷ ಹೊರಬೀಳುತ್ತಿದ್ದಿತು. ಇದರ ಜೊತೆಯಲ್ಲಿಯೇ ಸಿದ್ಧವಾದ, ‘ಶಾಂತರಾಗಿರಿ, ನಿಮ್ಮ ಕೆಲಸ ಸಾಗಲಿ’ ಎಂಬರ್ಥದ ಮತ್ತೊಂದು ಭಿತ್ತಿಪತ್ರದ ಕಥೆ ಇನ್ನೂ ವಿಚಿತ್ರ. ಘೋರವಾದ ಬಾಂಬುದಾಳಿಯ ಕಾಲಕ್ಕೆಂದು ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ಪ್ರತಿಗಳನ್ನು ಅಚ್ಚುಮಾಡಿ ಕೂಡಿಟ್ಟರು. ಮೊದಲನೆಯದಕ್ಕೆ ಬಂದ ಟೀಕೆಯಿಂದ ಹಿಂಜರಿದು ಅದನ್ನು ಹೊರತೆಗೆಯಲೇ ಇಲ್ಲ. ಕೊನೆಗೆ ಬಹುಪಾಲು ಪ್ರತಿಗಳು ಕಾಗದದ ತಿರುಳಾದುವು. ಅಳಿದುಳಿದ ಪ್ರತಿಯೊಂದು ೨೦೦೦ದಲ್ಲಿ ಆನಿಕ್ ಎಂಬ ಊರಿನ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕಿ, ಈಗ ಚಹದ ಬಟ್ಟಲುಗಳ ಮೇಲೆಲ್ಲ ಅಲಂಕಾರವಾಗಿ ಮೆರೆಯುತ್ತಿದೆ. ಆಪತ್ತಿನಲ್ಲಿ ಜನರಿಗೆ ಧೈರ್ಯ ಕೊಡಲೆಂದು ಹುಟ್ಟಿದ ಮಾತು, ಆಪತ್ತು ಕಳೆದು ಅರವತ್ತು ವರ್ಷಗಳ ಮೇಲೆ ಜನರನ್ನು ಮುಟ್ಟಿತು.

ಆದರೆ ಆ ಸಚಿವಾಲಯವು ಎಡವಿದಲ್ಲಿಯೇ ಬಿದ್ದಿರಲಿಲ್ಲ ಎಂಬುದನ್ನು ಹೇಳದೆ ಹೋದರೆ ಅನ್ಯಾಯವಾದೀತು. ಅದರಲ್ಲಿ ಜನಾಭಿಪ್ರಾಯವನ್ನು ತಿಳಿಯುವ ಶಾಖೆಯೊಂದು ಏರ್ಪಟ್ಟು, ಮೇರಿ ಆಡಮ್ಸ್ ಎಂಬ ಮಹಿಳೆಯ ಮುಂದಾಳುತನದಲ್ಲಿ ೧೯೪೦ನೆಯ ಮೇ ೧೮ರಿಂದ ಪ್ರತಿದಿನವೂ ವರದಿಯನ್ನು ಬರೆಯತೊಡಗಿತು. ಅಂಗಡಿ, ಕಾರ್ಖಾನೆ, ಬಸ್ಸು, ಬಾಂಬುದಾಳಿಯ ಆಶ್ರಯಸ್ಥಾನ, ಎಲ್ಲೆಡೆಗಳಿಂದ ಜನರ ಮಾತು ಅಲ್ಲಿಗೆ ಬಂದು ಸೇರುತ್ತಿತ್ತು. ಕೆಟ್ಟ ಸುದ್ದಿಗಿಂತ, ಸುದ್ದಿಯನ್ನು ಬಚ್ಚಿಡುತ್ತಿರುವರೆಂಬ ಸಂಶಯವೇ ಜನರನ್ನು ಹೆಚ್ಚು ಕಂಗೆಡಿಸುವುದೆಂಬುದು ಆಳುವವರಿಗೆ ಕ್ರಮಕ್ರಮವಾಗಿ ಮನದಟ್ಟಾಯಿತು. ಆದರೂ ಅದೇ ಬೇಸಗೆಯಲ್ಲಿ ಗಾಳಿಮಾತನ್ನು ಅಡಗಿಸಲೆಂದು, ಜನ ಬಾಯಿಮುಚ್ಚಿಕೊಂಡಿರಬೇಕೆಂದು ಬೋಧಿಸುವ ಪ್ರಚಾರವೊಂದು ಹೊರಟಿತು. ಜನ ಅದನ್ನು ಎಷ್ಟು ಹಳಿದರೆಂದರೆ, ಜುಲೈ ತಿಂಗಳು ಮುಗಿಯುವುದರೊಳಗೆ ಪ್ರಧಾನಿ ಚರ್ಚಿಲರೇ ಅದನ್ನು ಕೈಬಿಡಬೇಕಾಯಿತು. ಗಾಳಿಮಾತಿಗೆ ಮದ್ದು ಮೌನವಲ್ಲ, ಹೊತ್ತಿಗೆ ಸರಿಯಾಗಿ ಬಂದ ಸುದ್ದಿ.

ಇನ್ನು ನಮ್ಮ ದೇಶಕ್ಕೆ ಹಿಂದಿರುಗೋಣ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ ಎಂದು ಎಣಿಸುತ್ತಿದ್ದ ಕೋಟ್ಯಂತರ ಜನರಿಗೆ, ೧೯೫೭ನೆಯ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ನಯಾಪೈಸೆ ಎಂದು ಹೇಳಬೇಕಾಗಿ ಬಂದಿತು. ಶಾಸನಕ್ಕೆ ತಿದ್ದುಪಡಿ ೧೯೫೫ರಲ್ಲಿಯೇ ಆಗಿದ್ದುದರಿಂದ ಕಾಲಾವಕಾಶವೇನೋ ಇತ್ತು. ಆದರೆ ಕಷ್ಟವಿದ್ದದ್ದು ಲೆಕ್ಕದಲ್ಲಿ. ಒಂದು ಆಣೆಗೆ ಆರೂಕಾಲು ನಯಾಪೈಸೆ. ಕಾಲು ನಯಾಪೈಸೆಯ ನಾಣ್ಯವಿಲ್ಲ. ಆದ್ದರಿಂದ ಅರ್ಧ ಅಥವಾ ಅದಕ್ಕೂ ಕಡಮೆಯಾದ ಭಾಗವನ್ನು ಬಿಡುವುದು, ಅರ್ಧಕ್ಕೆ ಮೀರಿದರೆ ಒಂದೆಂದು ಎಣಿಸುವುದು ಎಂಬ ನಿಯಮವಾಯಿತು. ಅದರಂತೆ ಒಂದಾಣೆಗೆ ೬, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ೨೫.

ಈ ಕೋಷ್ಟಕವನ್ನು ಅಚ್ಚುಮಾಡಿ ಹಂಚುವುದು ಸುಲಭ. ಆದರೆ ಯೋಜಕರಾದವರು ಸಂತೆಯಲ್ಲಿ ಸೊಪ್ಪು ಮಾರುವವಳ ಬದಿಗೆ ಕುಳಿತು ಅದನ್ನು ಓದಿನೋಡಬೇಕು. ಆಣೆಗೊಂದು ಕಟ್ಟಿನಂತೆ ನಾಲ್ಕು ಸಲ ಬೇರೆ ಬೇರೆಯಾಗಿ ಮಾರಿದರೆ ಅವಳ ಕೈಗೆ ಬರುವುದು ೨೪. ನಾಲ್ಕು ಕಟ್ಟನ್ನೂ ಒಂದೇ ಸಲ ಮಾರಿದರೆ ೨೫. ಆ ಒಂದು ನಯಾಪೈಸೆ ಎಲ್ಲಿ ಹೋಯಿತು? ಸರ್ಕಾರ ತಿಂದಿತೆ, ಕೊಂಡವನು ತಿಂದನೆ? ವಿದ್ಯಾವಂತರಿಗೆ ಇದು ಅಲ್ಪವಾಗಿ ತೋರಬಹುದು. ದಿನವೆಲ್ಲ ಬಿಸಿಲಲ್ಲಿ ಕುಳಿತು ಒಂದೂವರೆ ರೂಪಾಯಿ ಸಂಪಾದಿಸುವವಳಿಗೆ ಅದು ಅಲ್ಪವಲ್ಲ. ‘ಮೊದಲು ಹಳೆಯ ಲೆಕ್ಕದಲ್ಲಿಯೇ ಎಲ್ಲವನ್ನೂ ಕೂಡಿಸಿ, ಕೊನೆಗೆ ಒಂದೇ ಸಲ ಹೊಸ ಲೆಕ್ಕಕ್ಕೆ ತಿರುಗಿಸಿಕೊಳ್ಳಿ’ ಎಂಬ ಒಂದು ವಾಕ್ಯವು ಅವಳಿಗೆ ಕೋಷ್ಟಕಕ್ಕಿಂತ ಹೆಚ್ಚಿನ ಉಪಕಾರವನ್ನು ಮಾಡುತ್ತದೆ. ಅವಳ ಸಂಶಯವನ್ನು ಕೇಳಿಸಿಕೊಳ್ಳದವರಿಗೆ ಆ ವಾಕ್ಯ ಹೊಳೆಯುವುದೇ ಇಲ್ಲ.

ಆ ನಾಣ್ಯದಲ್ಲಿ ಮೆಚ್ಚತಕ್ಕ ಅಂಶವೊಂದಿತ್ತು. ನಯಾಪೈಸೆಯ ಮೇಲೆ ‘ರೂಪಾಯಿಯ ನೂರನೆಯ ಭಾಗ’ ಎಂದೇ ಕೆತ್ತಿದ್ದರು. ಕೈಯಿಂದ ಕೈಗೆ ಓಡಾಡುವ ನಾಣ್ಯವೇ ಪ್ರಕಟಣೆಯಾಯಿತು. ಇದಕ್ಕಿಂತ ಅಗ್ಗವಾದ ಪತ್ರಿಕೆ ಉಂಟೆ? ಆದರೆ ಆ ಬರಹ ಹಿಂದಿಯಲ್ಲಿತ್ತು. ನಮ್ಮ ಕಡೆಯ ಸಂತೆಯಲ್ಲಿ ಅದನ್ನು ಓದಿ ಹೇಳಲು ಮತ್ತೊಬ್ಬರು ಬೇಕಾಗುತ್ತಿತ್ತು. ಯಾರಿಗೆ ಎಂಬ ಎರಡನೆಯ ಪ್ರಶ್ನೆಯನ್ನು ಅರ್ಧಕ್ಕೆ ಬಿಟ್ಟರೆ ಹೀಗಾಗುತ್ತದೆ. ೧೯೬೪ನೆಯ ಜೂನ್ ೧ರಿಂದ ‘ನಯಾ’ ಎಂಬ ಮಾತನ್ನು ಸರ್ಕಾರವು ಕೈಬಿಟ್ಟಿತು. ಜನರು ಬಿಟ್ಟರೆ? “ಅವನಿಂದ ಒಂದು ನಯಾಪೈಸೆಯೂ ಹುಟ್ಟಲಿಲ್ಲ” ಎಂದು ನಾವು ಇಂದಿಗೂ ಆಡಿಕೊಳ್ಳುತ್ತೇವೆ. ಇಪ್ಪತ್ತೈದು ಪೈಸೆಯ ನಾಣ್ಯವು ೨೦೧೧ನೆಯ ಜೂನ್ ೩೦ರಂದು ಚಲಾವಣೆಯಿಂದ ಹೋಗುವವರೆಗೂ ನಮ್ಮ ಬಾಯಲ್ಲಿ ಅದು ‘ನಾಲ್ಕಾಣೆ’ಯೇ ಆಗಿದ್ದಿತು. ಆಜ್ಞೆ ನಾಣ್ಯವನ್ನು ಬದಲಾಯಿಸಬಲ್ಲುದು, ನಾಲಗೆಯನ್ನಲ್ಲ. ಇದನ್ನು ಬಲ್ಲ ಯೋಜಕರು ಜನರ ಮಾತಿನೊಡನೆ ಹೋರಾಡದೆ, ಅದನ್ನೇ ಸೇತುವೆಯನ್ನಾಗಿ ಮಾಡಿಕೊಳ್ಳುತ್ತಾರೆ.

ನಾಣ್ಯದ ವಿಷಯದಲ್ಲಿ ತಪ್ಪಿದರೆ ನಷ್ಟವಾಗುವುದು ಕಾಸು. ರೋಗದ ವಿಷಯದಲ್ಲಿ ತಪ್ಪಿದರೆ ಮಗುವಿನ ಕಾಲು. ಪೋಲಿಯೊ ರೋಗವನ್ನು ತೊಲಗಿಸಲೆಂದು ನಮ್ಮ ದೇಶದಲ್ಲಿ ೧೯೯೫ರಲ್ಲಿ ಆರಂಭವಾದ ಲಸಿಕೆಯ ಕಾರ್ಯದಲ್ಲಿ ಎರಡು ಹನಿಗಳ ಸಂದೇಶವನ್ನು ಖ್ಯಾತ ನಟರಿಂದ ಹೇಳಿಸಿದರು. ಅದು ಬಹುಮಂದಿಯನ್ನು ಮುಟ್ಟಿತು. ಆದರೆ ಉತ್ತರ ಪ್ರದೇಶ ಮತ್ತು ಬಿಹಾರಗಳ ಕೆಲವು ಕೇರಿಗಳಲ್ಲಿ ಕದ ಮುಚ್ಚಿಯೇ ಇತ್ತು. ಈ ಹನಿಯನ್ನು ಹಾಕಿಸಿದರೆ ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲವೆಂಬ ಸುಳ್ಳು ಸುದ್ದಿ ಹಬ್ಬಿತ್ತು. ೨೦೦೯ರಲ್ಲಿಯೂ ದೇಶದಲ್ಲಿ ೭೪೧ ಮಂದಿಗೆ ಆ ರೋಗ ತಗಲಿತು.

ಆ ಕೇರಿಗಳಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂಗುವುದರಿಂದ ಪ್ರಯೋಜನವಿರಲಿಲ್ಲ. ಅದೇ ಬೀದಿಯ ಹೆಂಗಸರನ್ನು ತರಬೇತುಗೊಳಿಸಿ ಮನೆಮನೆಗೆ ಕಳುಹಿಸಿದರು. ಮತದ ಹಿರಿಯರು ತಾವೇ ಮುಂದೆ ನಿಂತು ಮಕ್ಕಳಿಗೆ ಹನಿ ಹಾಕಿದರು. ಮುಚ್ಚಿದ ಕದದ ಹಿಂದೆ ಗಾಳಿಮಾತಿನ ಜೊತೆಗೆ ನ್ಯಾಯವಾದ ಪ್ರಶ್ನೆಯೊಂದೂ ಇತ್ತು. “ನಮ್ಮ ಬೀದಿಗೆ ಚರಂಡಿಯಿಲ್ಲ, ಮಗುವಿಗೆ ಭೇದಿ ನಿಂತಿಲ್ಲ. ಅದಕ್ಕೆಲ್ಲ ಬಾರದವರು ಈ ಹನಿಗೆ ಮಾತ್ರ ಮತ್ತೆ ಮತ್ತೆ ಬರುವುದೇಕೆ?” ಬಾವಿಕಟ್ಟೆಯ ಹೆಂಗಸು ಕೇಳಿದ ಸೌದೆಯ ಪ್ರಶ್ನೆಯೇ ಇದು. ಈ ಸಲ ಅದಕ್ಕೆ ಕಿವಿಗೊಟ್ಟವರಿದ್ದರು. ಆ ಎರಡು ಪ್ರಾಂತಗಳ ೧೦೭ ಬ್ಲಾಕುಗಳನ್ನು ಆರಿಸಿಕೊಂಡು, ಹನಿಯ ಜೊತೆಗೆ ಭೇದಿಗೆ ಔಷಧಿ, ಕೈ ತೊಳೆಯುವ ಅಭ್ಯಾಸ, ನೈರ್ಮಲ್ಯ, ತಾಯಿಹಾಲಿನ ಮಹತ್ವ ಇವನ್ನೂ ಸೇರಿಸಿದರು. ೨೦೧೧ನೆಯ ಜನವರಿ ೧೩ರಂದು ಬಂಗಾಳದ ಹೌರಾದಲ್ಲಿ ಕಂಡ ರೋಗವೇ ನಮ್ಮಲ್ಲಿ ಕಾಡುವೈರಾಣುವಿನಿಂದಾದ ಕೊನೆಯದಾಯಿತು. ೨೦೧೪ನೆಯ ಮಾರ್ಚ್ ೨೭ರಂದು ವಿಶ್ವ ಆರೋಗ್ಯ ಸಂಸ್ಥೆಯು ಪೋಲಿಯೊ ತೊಲಗಿತೆಂದು ಪ್ರಮಾಣಪತ್ರವನ್ನು ಕೊಟ್ಟಿತು. ಇದಕ್ಕೆ ಔಷಧಿಯೇ ಮುಖ್ಯ ಕಾರಣ, ನಿಜ. ಆದರೆ ಸೀಸೆಯಲ್ಲಿ ಉಳಿದ ಔಷಧಿ ಯಾರನ್ನೂ ಕಾಪಾಡಲಾರದು; ಅದು ಮಗುವಿನ ಬಾಯನ್ನು ಸೇರಿದ್ದು ತಾಯಿಯ ನಂಬಿಕೆಯ ಮೂಲಕ.

ಈ ನಂಬಿಕೆಯನ್ನು ಕೆಡಿಸುವ ಆಶೆಯೊಂದು ಎಲ್ಲ ವಾರ್ತಾ ಕಚೇರಿಗಳ ಬಾಗಿಲಲ್ಲಿಯೂ ಕಾದಿರುತ್ತದೆ. ಅದು ಯಾವುದೆಂದರೆ, ಜನರಿಗೆ ಬೇಕಾದ ತಿಳಿವಳಿಕೆಯ ಸ್ಥಳದಲ್ಲಿ ಆಳುವವರ ಹೊಗಳಿಕೆಯನ್ನು ಇಡುವುದು. ಎರಡಕ್ಕೂ ತಗಲುವ ಹಣ ಪ್ರಜೆಗಳದೇ. ನಮ್ಮ ಸುಪ್ರೀಂ ಕೋರ್ಟು ೨೦೧೫ನೆಯ ಮೇ ತಿಂಗಳಲ್ಲಿ, ಸರ್ಕಾರದ ಜಾಹೀರಾತುಗಳಲ್ಲಿ ರಾಷ್ಟ್ರಪತಿ, ಪ್ರಧಾನಮಂತ್ರಿ ಮತ್ತು ಮುಖ್ಯ ನ್ಯಾಯಮೂರ್ತಿಗಳ ಹೊರತು ಇತರರ ಭಾವಚಿತ್ರ ಇರಕೂಡದೆಂದು ವಿಧಿಸಿತು. ಮರುವರ್ಷ ಅದನ್ನು ಸಡಿಲಗೊಳಿಸಿ, ರಾಜ್ಯಪಾಲರು, ಮುಖ್ಯಮಂತ್ರಿಗಳು ಮತ್ತು ಮಂತ್ರಿಗಳ ಚಿತ್ರಗಳಿಗೂ ಎಡೆಮಾಡಿಕೊಟ್ಟಿತು. ನ್ಯಾಯಾಲಯದ ಗೆರೆ ಎಲ್ಲಿಯೇ ಇರಲಿ, ಯೋಜಕರಿಗೆ ತಮ್ಮದೇ ಒಂದು ಪರೀಕ್ಷೆ ಉಂಟು. ಈ ಪ್ರಕಟಣೆಯನ್ನು ಓದಿದವರು ಓದುವುದಕ್ಕೆ ಮೊದಲು ಮಾಡಲಾಗದಿದ್ದ ಯಾವ ಕೆಲಸವನ್ನು ಈಗ ಮಾಡಬಲ್ಲರು? ಉತ್ತರವಿಲ್ಲವಾದರೆ ಅದು ತಿಳಿವಳಿಕೆಯಲ್ಲ, ತೋರಣ. ಹೀಗೆಂದು ಮೇಲಿನವರಿಗೆ ವಿನಯದಿಂದ ಹೇಳುವುದು ಈ ಉದ್ಯೋಗದ ಅತ್ಯಂತ ಕಠಿನವಾದ ಭಾಗ. ಹೇಳಿದವರಿಗೆ ಬಡ್ತಿ ತಪ್ಪಬಹುದು. ಹೇಳದೆ ಹೋದರೆ, ಹೊಳೆ ಏರಿದ ರಾತ್ರಿ ‘ಊರು ಬಿಟ್ಟು ಎತ್ತರಕ್ಕೆ ಹೋಗಿ’ ಎಂಬ ಮಾತನ್ನು ಜನ ನಂಬದೆ ಹೋಗಬಹುದು.

ಮೈಸೂರಿನಲ್ಲಿ ೧೯೩೫ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ರೇಡಿಯೋ ನಿಲಯಕ್ಕೆ ‘ಆಕಾಶವಾಣಿ’ ಎಂಬ ಸೊಗಸಾದ ಹೆಸರು ಬಂದಿತು. ಮುಂದೆ ದೇಶವೆಲ್ಲ ಅದನ್ನು ಒಪ್ಪಿಕೊಂಡಿತು. ನಮ್ಮ ಪುರಾಣಗಳಲ್ಲಿ ಅಶರೀರವಾಣಿಯು ಮುಗಿಲಿನಿಂದ ಮೊಳಗಿ, ಹೇಳಬೇಕಾದುದನ್ನು ಹೇಳಿ, ಮರೆಯಾಗುತ್ತದೆ. ಅದನ್ನು ಮರುಪ್ರಶ್ನಿಸಲು ಕೇಳಿದವರಿಗೆ ಅವಕಾಶವಿಲ್ಲ. ದೇವತೆಗಳಿಗೆ ಅದು ಒಪ್ಪುತ್ತದೆ. ಸರ್ಕಾರಕ್ಕೆ ಒಪ್ಪದು. ಸರ್ಕಾರದ ವಾಣಿಗೆ ಮೇಜಿನ ಮುಂದೆ ಕುಳಿತಿರುವ ಶರೀರವೊಂದಿರಬೇಕು. ಆ ಶರೀರಕ್ಕೆ ಎರಡು ಕಿವಿಗಳಿರಬೇಕು. ಮುಂದಿನ ಸಲ ಪತ್ರಿಕೆಯ ಮೂಲೆಯಲ್ಲಿ ಸರ್ಕಾರದ ಪ್ರಕಟಣೆಯನ್ನು ಕಂಡಾಗ ದಯವಿಟ್ಟು ಪುಟವನ್ನು ತಿರುವದೆ ಒಮ್ಮೆ ಓದಿರಿ. ತಿಳಿಯದಿದ್ದರೆ ತಿಳಿಯಲಿಲ್ಲವೆಂದು ಒಂದು ಕಾಗದ ಬರೆಯಿರಿ; ಕಾರ್ಯಸಾಧ್ಯವಲ್ಲವಾದರೆ ಏಕೆ ಅಲ್ಲವೆಂದು ತಿಳಿಸಿರಿ. ಆ ಕಾಗದಕ್ಕಾಗಿ ಕಾದಿರುವ ಒಬ್ಬ ಯೋಜಕರಾದರೂ ಆ ಕಚೇರಿಯಲ್ಲಿ ಇರಬಹುದು. ನಿಮ್ಮ ಒಂದು ಮಾತು ಕೈಯಲ್ಲಿದ್ದರೆ, ಮೇಲಿನವರ ಎದುರಿಗೆ ನಿಂತು ಮಾತನಾಡಲು ಅವರಿಗೆ ಬಲ ಬರುತ್ತದೆ.